ಎಡಗಾಲಿನ ನಾಡಿ

"ನಮಸ್ಕಾರ ಆಯ್ತಲ್ಲ, ಏಳವ್ವ…" ಎಂದರು ಜಯಪ್ಪ.

ದಿವ್ಯಶ್ರೀ ಏಳಲಿಲ್ಲ.

ಕುಶಾಲನಗರದ ತಮ್ಮ ಮನೆಯಲ್ಲಿ, ಹೆಣ್ಣು ನೋಡಲು ಬಂದವರೆದುರು, ಅವಳು ಗಂಡಿನ ತಂದೆ ಜಯಪ್ಪನ ಪಾದ ಹಿಡಿದು ಕೂತೇ ಇದ್ದಳು. ಈ ಕಾಲದಲ್ಲೂ ಇಷ್ಟು ಭಕ್ತಿಯೇ ಎಂದು ಗಂಡಿನ ತಾಯಿ ವಿಮಲಮ್ಮನ ಕಣ್ಣು ತುಂಬಿ ಬಂತು.

ಭಕ್ತಿಯಲ್ಲ, ಅಭ್ಯಾಸ. ದಿವ್ಯಶ್ರೀ ಮೈಸೂರಿನ ಆಸ್ಪತ್ರೆಯೊಂದರಲ್ಲಿ ರಕ್ತನಾಳಗಳ ಸರ್ಜನ್. ಪಾದ ಸಿಕ್ಕರೆ ಅವಳ ಬೆರಳುಗಳು ತಾವಾಗಿಯೇ ನಾಡಿ ಹುಡುಕುತ್ತವೆ. ಬಲಗಾಲಿನಲ್ಲಿ ಸಿಕ್ಕಿತು. ಎಡಗಾಲು ತಣ್ಣಗಿತ್ತು… ಅಲ್ಲಿ ನಾಡಿಯೇ ಇಲ್ಲ!

"ಸ್ವಲ್ಪ ನಡೆದ್ರೆ ಮೀನಖಂಡ ಹಿಡಿಯುತ್ತಾ ಅಂಕಲ್?"

"ವಯಸ್ಸಾಯ್ತಲ್ಲವ್ವ…"

"ಬೀಡಿ?"

ಜಯಪ್ಪ ಹೆಂಡತಿಯ ಮುಖ ನೋಡಿದರು. ಅದನ್ನು ಬಿಟ್ಟು ಐದು ವರ್ಷವಾಯಿತೆಂದು ಆಕೆ ನಂಬಿದ್ದರು.

"ಈ ಕಾಲಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ. ಈ ವಾರಾನೇ ಸ್ಕ್ಯಾನ್ ಆಗ್ಬೇಕು. ತಡ ಮಾಡಿದ್ರೆ ಕಾಲೇ ಹೋಗ್ಬೋದು."

"ಅಯ್ಯೋ ಶಿವನೇ!" ವಿಮಲಮ್ಮ ಎದ್ದೇಬಿಟ್ಟರು. "ಹೆಣ್ಣು ನೋಡಕ್ಕೆ ಬಂದ್ರೆ ನಮ್ಮೋರ ಕಾಲು ತೆಗಿಯೋ ಮಾತಾಡ್ತಾಳಲ್ಲ! ಇಷ್ಟ ಇಲ್ದಿದ್ರೆ ನೆಟ್ಟಗೆ ಹೇಳ್ಬಾರ್ದಿತ್ತಾ?"

ಮಗ ನಿರಂಜನ್, ಶನಿವಾರಸಂತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಚಪ್ಪಲಿ ಹಾಕಿಯಾಗಿತ್ತು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಆ ನೋಟ ದಿವ್ಯಶ್ರೀಯ ಬಳಿಯೇ ಉಳಿದುಹೋಯಿತು.

"ಎರಡು ದಿನ ಬಿಟ್ಟು ಹೇಳಿದ್ರೆ ಏನಾಗ್ತಿತ್ತೇ?" ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ಅವಳ ತಾಯಿ ನೀಲಾವತಿ ಕೇಳಿದರು.

ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಜ್ಜಿಯ ಹೆಬ್ಬೆರಳಿನ ಗಾಯಕ್ಕೆ ಮನೆಯವರೆಲ್ಲ ಎರಡು ತಿಂಗಳು ಅರಿಸಿನ ಹಚ್ಚಿದ್ದರು. ಕೊನೆಗೆ ಮೊಣಕಾಲಿನವರೆಗೆ ಕಾಲನ್ನೇ ತೆಗೆಯಬೇಕಾಯಿತು. ಮುಂದೆ ಇವಳು ಹನ್ನೆರಡು ವರ್ಷ ಓದಿದ್ದು ಆ ಎರಡು ತಿಂಗಳ ಮೇಲಿನ ಸಿಟ್ಟಿಗೆ.

ಆದರೂ… 'ಅವನು ಒಂದು ಫೋನಾದರೂ ಮಾಡಬಾರದೆ? ನಾನು ನೆಪ ಹೇಳಿದೆ ಅಂತಲೇ ಅವನೂ ನಂಬಿದನೆ?'

ಇಪ್ಪತ್ತನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಅವಳ ಕೋಣೆಗೆ ವೀಲ್‌ಚೇರ್ ಬಂತು. ಜಯಪ್ಪನ ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು. ಹಿಂದೆ ನಿರಂಜನ್.

"ದಿನಾ ಜಗಳ ಆಡ್ದೆ. ಬೆರಳು ನೋಡ್ಕೊಂಡ್ಮೇಲೆ ಒಪ್ಪಿದ್ರು."

"ನಮ್ಮ ಸೀನಿಯರ್ ಆಪರೇಷನ್ ಮಾಡ್ತಾರೆ."

"ನೀವೇ ಮಾಡಿ."

"ಕಾಲು ಉಳೀಲಿಲ್ಲ ಅಂದ್ರೆ? ನಿಮ್ಮಮ್ಮ ಜನ್ಮದಲ್ಲಿ ನನ್ನ ಮುಖ ನೋಡಲ್ಲ. ನೀವೂ…"

"ನಿಮ್ಮಿಬ್ರುದು ಆಮೇಲೆ ಇಟ್ಕೊಳಿ," ಎಂದರು ಜಯಪ್ಪ. "ಕಂಡುಹಿಡ್ದೋಳು ನೀನು, ನೀನೇ ಮಾಡವ್ವ."

ನಾಲ್ಕು ಗಂಟೆ ಹಿಡಿಯಿತು. ಅವರದೇ ತೊಡೆಯ ನಾಳವೊಂದನ್ನು ತೆಗೆದು, ಮುಚ್ಚಿಹೋದ ಜಾಗದ ಪಕ್ಕದಿಂದ ರಕ್ತಕ್ಕೆ ಬೇರೆ ದಾರಿಯಾಗುವಂತೆ ಹೊಲಿದಳು. ರಕ್ತ ತಡೆದಿದ್ದ ಕ್ಲಿಪ್ ಸಡಿಲಿಸಿ ಪಾದದ ಮೇಲೆ ಬೆರಳಿಟ್ಟು ಕಾದಳು. ಒಂದು ಬಡಿತ. ಮತ್ತೊಂದು!

"ಕಿರುಬೆರಳು ಹೋಯ್ತು," ಎಂದಳು ಹೊರಗೆ ಬಂದು. "ಕಾಲು ಉಳೀತು."

ಹೊರಗೆ ಕಾದಿದ್ದ ವಿಮಲಮ್ಮ ಅವಳ ಕೈ ಹಿಡಿದು ಅತ್ತರು. ಆಮೇಲೆ ಮೂಗೊರೆಸಿಕೊಂಡು, "ಬೀಡಿ ವಿಷ್ಯ ನಾನು ನೋಡ್ಕೋತೀನಿ" ಎಂದು ಒಳಗೆ ನಡೆದರು. ಸರ್ಜರಿಗಿಂತ ಗಂಭೀರವಾದ ಚಿಕಿತ್ಸೆ ಜಯಪ್ಪನಿಗಾಗಿ ಕಾದಿತ್ತು.

ಬೆಂಚಿನ ಮೇಲೆ ಅವಳು, ನಿರಂಜನ್ ಇಬ್ಬರೇ ಉಳಿದರು.

"ಮೂರು ವಾರ… ಒಂದು ಫೋನಿಲ್ಲ."

"ಏನಂತ ಮಾಡ್ಲಿ? ಅಪ್ಪನ್ನ ಒಪ್ಪಿಸಕ್ಕೆ ಆಗ್ಲಿಲ್ಲ ಅಂತಾನಾ? ಬಂದ್ರೆ ಅವರನ್ನ ಕರ್ಕೊಂಡೇ ಬರ್ಬೇಕು ಅಂತಿದ್ದೆ." ಅವನು ತಲೆ ತಗ್ಗಿಸಿದ. "ಸಂಬಂಧ ಮುರಿಯುತ್ತೆ ಅಂತ ಗೊತ್ತಿದ್ದೂ ಹೇಳಿದ್ರಲ್ಲ… ಮದುವೆ ಆದ್ರೆ ನಿಮ್ಮನ್ನೇ ಅಂತ ಆವತ್ತೇ ಮನಸ್ಸು ಮಾಡ್ಬಿಟ್ಟೆ."

ಅವಳು ತಲೆಯ ಮೇಲಿನ ಆಪರೇಷನ್ ಟೋಪಿ ತೆಗೆದಳು.

"ನಂದು ಹೊತ್ತು ಗೊತ್ತಿಲ್ಲದ ಕೆಲಸ. ಊಟದ ಮಧ್ಯೆ ಫೋನ್ ಬಂದ್ರೆ ಎದ್ದು ಹೋಗ್ತೀನಿ."

"ತಟ್ಟೆ ಮುಚ್ಚಿಡ್ತೀನಿ."

"ಬರೋದು ಎಷ್ಟೊತ್ತಾಗುತ್ತೋ…"

"ಎರಡೂ ತಟ್ಟೆ ಮುಚ್ಚಿಡ್ತೀನಿ ದಿವ್ಯಾ."