ನನ್ನನ್ನು ಸೋಲಿಸೋನೇ ಬೇಕು

"ನಿಮ್ಮ ಕೈಯಲ್ಲಿ ಏನೂ ಇಲ್ಲ," ಅಂದ ಎದುರಿಗೆ ಕೂತಿದ್ದ ಹೊಸಬ.

ಮರಿಸೆಲ್ ಎದೆ ಧಸಕ್ಕೆಂದಿತು. ನಿಜಕ್ಕೂ ಅವಳ ಕೈಯಲ್ಲಿದ್ದದ್ದು ಎರಡು ದರಿದ್ರ ಇಸ್ಪೀಟೆಲೆ. ಅದನ್ನೇ ಇಟ್ಟುಕೊಂಡು ದುಡ್ಡಿನ ಲೆಕ್ಕದ ತನ್ನ ಬಿಲ್ಲೆಗಳನ್ನೆಲ್ಲ ಮೇಜಿನ ನಡುವಿಗೆ ತಳ್ಳಿ, ಬೆನ್ನು ನೆಟ್ಟಗೆ ಮಾಡಿಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು.

ಲಾಸ್ ವೇಗಾಸ್‌ನಲ್ಲಿ ಪೋಕರ್ ಆಡಿಯೇ ಬದುಕುವವಳು ಅವಳು. ಎದುರಿನವರು ಹೆದರಿ ಎಲೆ ಬಿಸಾಕಿದರೆ ಕೈಯಲ್ಲಿ ಏನೂ ಇಲ್ಲದೆಯೂ ಗೆಲ್ಲಬಹುದಾದ ಆಟ ಅದು. ಬೇರೆಯವರು ಆಫೀಸಿಗೆ ಹೋಗೋ ಹಾಗೆ ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದಳು. ಅವಳ ಸುಳ್ಳನ್ನು ಹೀಗೆ ಮುಖದ ಮೇಲೆ ಹೇಳಿದವರು ಇಷ್ಟು ವರ್ಷದಲ್ಲಿ ಯಾರೂ ಇರಲಿಲ್ಲ.

"ನೋಡಬೇಕು ಅಂದ್ರೆ ದುಡ್ಡು ಹಾಕಿ ನೋಡಿ."

ಹಾಕಿದ. ನೋಡಿದ. ಗೆದ್ದ.

"ಹೇಗೆ ಗೊತ್ತಾಯ್ತು ನಿಮಗೆ?"

"ಅದನ್ನ ಹೇಳಿಬಿಟ್ರೆ ನಾಳೆ ನನ್ನ ಹೊಟ್ಟೆಗೇನು?" ಅವನು ನಕ್ಕ. "ನಾನು ಹಾರ್ಲನ್. ಬನ್ನಿ, ತಿಂಡಿ ಕೊಡಿಸ್ತೀನಿ. ನಿಮ್ಮ ದುಡ್ಡಲ್ಲೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಎದ್ದು ಹೋದಳು ನೋಡಿ ಅವನ ಹಿಂದೆ! ಮನಸ್ಸು ಯಾರ ಮಾತು ಕೇಳಿದೆ ಹೇಳಿ...

ನೀವು ಹೋಗಿ ನೀನು ಆಯಿತು. ಆಟಕ್ಕೆ ಮುಂಚೆ ರಸ್ತೆಯಾಚೆಯ ಹೋಟೆಲಿನಲ್ಲಿ ಪ್ಯಾನ್‌ಕೇಕು, ಕಾಫಿ. ಬಿಡುವಿದ್ದಾಗ ಅವಳ ಅಮ್ಮನ ಮನೆಯಲ್ಲಿ ಹುಣಸೆಹುಳಿ ಹಾಕಿದ ಮೀನಿನ ಸಾರು, ಬೆಳ್ಳುಳ್ಳಿ ಅನ್ನ. ಅಮ್ಮ ಟೆಸ್ಸಿ ಫಿಲಿಪೀನ್ಸಿನಿಂದ ಬಂದು ಇದೇ ಊರಿನ ಕ್ಯಾಸಿನೊದಲ್ಲಿ ಎಲೆ ಹಂಚಿ ಮಗಳನ್ನು ಸಾಕಿದವಳು.

"ಜೂಜಾಡೋ ಅಳಿಯ ಬೇಡ ಅಂತ ಮಾತೆ ಮರಿಯಳಿಗೆ ಮೊಂಬತ್ತಿ ಹಚ್ಚಿದ್ದೆ. ಅವಳಿಗೂ ಕಿವಿ ಮಂದ," ಅನ್ನುತ್ತಲೇ ಅವನ ಬಟ್ಟಲಿಗೆ ಇನ್ನೊಂದು ಮೀನು ಹಾಕುತ್ತಿದ್ದಳು.

ಹೀಗೆ ಚೆನ್ನಾಗಿದ್ದ ಹೊತ್ತಿಗೇ ಆ ಪಂದ್ಯ ಬಂತು.

ಪಂದ್ಯದಲ್ಲಿ ಕೂರಿಸಿದ ಕಡೆ ಕೂರಬೇಕು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರು. ಮರಿಸೆಲ್‌ಗೆ ಆಗ ಗ್ರಹಚಾರ ಕೆಟ್ಟಿತ್ತು, ತಿಂಗಳುಗಟ್ಟಲೆ ಬರೀ ಸೋಲು. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲಾ ಬಿಲ್ಲೆ ತಳ್ಳಿದಳು. ಹಾರ್ಲನ್ ಅವಳ ಮುಖವನ್ನೇ ನೋಡಿ, ತನ್ನ ಎಲೆಗಳನ್ನು ಮೆಲ್ಲಗೆ ಬಿಸಾಕಿದ. ಬಿಟ್ಟುಕೊಟ್ಟ.

ಬಿಸಾಕಿದ್ದರಲ್ಲಿ ಒಂದು ಎಲೆ ಅಂಗಾತ ಬಿತ್ತು. ರಾಜ! ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳಲ್ಲಿ ಇನ್ನೊಂದು ರಾಜ ಮೊದಲೇ ಇತ್ತು. ಜೋಡಿ ರಾಜ ಇಟ್ಟುಕೊಂಡೂ ಸೋತಿದ್ದ.

"ಪ್ರೀತಿ ಮಾಡೋದಾದ್ರೆ ಮನೇಲಿ ಮಾಡ್ರಪ್ಪಾ," ಅಂದ ಹಳೇ ಆಟಗಾರ ಕ್ಲೀಟಸ್. "ಇಲ್ಲಿ ನಾವೂ ದುಡ್ಡು ಕಟ್ಟಿ ಕೂತಿದ್ದೀವಿ."

ಎಲ್ಲರೂ ನಕ್ಕರು. ಮರಿಸೆಲ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಿರಾಮ ಸಿಕ್ಕಿದ ತಕ್ಷಣ ಅವನನ್ನು ಹೊರಗೆ ಬಿಸಿಲಿಗೆ ಕರೆದಳು.

"ನನ್ನ ಹತ್ರ ಏನೂ ಇಲ್ಲ ಅಂತ ಗೊತ್ತಿತ್ತಾ?"

"...ಗೊತ್ತಿತ್ತು."

"ಮತ್ತೆ?"

"ಎಷ್ಟು ದಿನದಿಂದ ಸೋಲ್ತಾ ಇದ್ದೀಯ, ಮರಿ. ನಿನ್ನ ಮುಖ ನೋಡೋಕಾಗಲಿಲ್ಲ."

"ಅಯ್ಯೋ ಪಾಪ ಅನ್ನಿಸ್ತಾ? ಇನ್ಮೇಲೆ ನಾನು ಗೆದ್ದಾಗಲೆಲ್ಲ ಅವನು ಬಿಟ್ಟುಕೊಟ್ಟ ಅಂತಾರೆ. ಇಷ್ಟು ವರ್ಷದ ಹೆಸರು ಮಣ್ಣುಪಾಲು ಮಾಡಿದೆ. ನನ್ನನ್ನ ಆಟಗಾರ್ತಿ ಅಂತ ನೋಡದವನು ನಾಳೆ ಹೆಂಡತಿ ಅಂತ ಏನು ನೋಡ್ತಾನೆ? ಬರಬೇಡ ಇನ್ನು."

ಅವನು ಬರಲಿಲ್ಲ. ಬರಬೇಡ ಅಂದವಳೇ ದಿನಾ ಬಾಗಿಲ ಕಡೆ ನೋಡುತ್ತಿದ್ದಳು.

"ಪಾಪ, ಪ್ರೀತಿಗೆ ಬಿಟ್ಟನಮ್ಮ. ಕದ್ದನಾ, ಕೊಂದನಾ?" ಅಂದಳು ಟೆಸ್ಸಿ.

"ಅಮ್ಮಾ, ನೀನು ಹಂಚುವಾಗ ಬೇಕಾದವರಿಗೆ ಅಂತ ಒಳ್ಳೆ ಎಲೆ ಕೊಟ್ಟಿದ್ದೀಯಾ?"

ಟೆಸ್ಸಿ ಅವನಿಗೆಂದು ತೆಗೆದಿಟ್ಟಿದ್ದ ಬಟ್ಟಲನ್ನು ತಿರುಗಿ ಒಳಗಿಟ್ಟಳು.

ಬೇಸಿಗೆಯ ದೊಡ್ಡ ಪಂದ್ಯದಲ್ಲಿ ಹಣೆಬರಹ ಮತ್ತೆ ಇಬ್ಬರನ್ನೂ ಎದುರುಬದುರು ಕೂರಿಸಿತು. ಇನ್ನು ಒಬ್ಬರು ಸೋತು ಎದ್ದರೆ ಸಾಕು, ಉಳಿದವರಿಗೆಲ್ಲ ಬಹುಮಾನ. ಎಲ್ಲರೂ ಉಸಿರು ಬಿಗಿ ಹಿಡಿದು ಆಡುತ್ತಿದ್ದರು.

ಅಂಥ ಹೊತ್ತಲ್ಲೇ ಮರಿಸೆಲ್ ನೆಟ್ಟಗೆ ಕೂತು ಎಲ್ಲಾ ಬಿಲ್ಲೆ ತಳ್ಳಿದಳು. ಕೈಯಲ್ಲಿ ಏನೂ ಇರಲಿಲ್ಲ.

ಎಲ್ಲರೂ ಎಲೆ ಬಿಸಾಕಿದರು. ಉಳಿದವನು ಹಾರ್ಲನ್ ಒಬ್ಬನೇ.

*ಬಿಟ್ಟುಬಿಡು*, ಅಂತು ಅವಳ ಒಂದು ಮನಸ್ಸು. *ಬಿಡಬೇಡ ಕಣೋ... ದಯವಿಟ್ಟು ಬಿಡಬೇಡ*, ಅಂತು ಇನ್ನೊಂದು.

ಅವನ ಕೈ ನಡುಗುತ್ತಿತ್ತು. ಆ ಕೈಯಿಂದಲೇ ಬಿಲ್ಲೆ ಮುಂದೆ ತಳ್ಳಿದ.

"ನೋಡ್ತೀನಿ," ಅಂದ.

ಮರಿಸೆಲ್ ಸೋತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಲೋ ಪಾಪಿ," ಅಂದ ಕ್ಲೀಟಸ್, "ಇನ್ನೊಂದು ಮೆಟ್ಟಿಲು ಅನ್ನೋವಾಗ ಅವಳನ್ನೇ ಎಬ್ಬಿಸಿದೆಯಲ್ಲೋ!"

ಅವಳು ಎದ್ದಳು. ಕಣ್ಣಲ್ಲಿ ನೀರು, ಆದರೆ ನಗು ತಡೆಯೋಕೇ ಆಗಲಿಲ್ಲ. ಅಷ್ಟು ಜನರೆದುರು ನಗುತ್ತಲೇ ಹೊರಗೆ ಹೋದಳು. ಇಷ್ಟು ತಿಂಗಳಲ್ಲಿ ಅವಳ ಎದೆ ಹಗುರಾದದ್ದು ಅವತ್ತೇ.

ಸಂಜೆ ಅದೇ ಪ್ಯಾನ್‌ಕೇಕ್ ಹೋಟೆಲಿಗೆ ಹಾರ್ಲನ್ ಬಂದಾಗ, ಅವಳು ಎರಡು ಕಾಫಿ ಹೇಳಿ ಕೂತಿದ್ದಳು.

"ಗೆದ್ದೆಯಾ?"

"ಎಲ್ಲಿ... ಕ್ಲೀಟಸ್ ತಾತ ಮನೆಗೆ ಕಳಿಸಿದ." ಅಳುಕುತ್ತಾ ಕೂತ. "ಕೋಪಾನಾ?"

"ಅಮ್ಮನಿಗೆ. ಮಗಳನ್ನ ಬರಿಗೈಲಿ ಕಳಿಸಿದವನಿಗೆ ಇನ್ನು ಮೀನಿಲ್ಲ ಅಂದಿದ್ದಾಳೆ."

"ಕೈ ನಡುಗಿಬಿಡ್ತು ಮರಿ ನನಗೆ."

"ನೋಡಿದೆ. ನಡುಗಿದ್ರೂ ಬಿಡಲಿಲ್ಲವಲ್ಲ, ಅದಕ್ಕೇ ಕಾಯ್ತಾ ಕೂತೆ. ನೀನಿಲ್ಲದೆ ನನಗೆ ಆಗಲ್ಲ ಕಣೋ." ಕಣ್ಣೊರೆಸಿಕೊಂಡಳು. "ಈಗಾದ್ರೂ ಹೇಳು. ನನ್ನ ಸುಳ್ಳು ನಿನಗೆ ಹೇಗೆ ಗೊತ್ತಾಗತ್ತೆ?"

ಆಟಗಾರನಿಗೆ ಅದು ಅನ್ನದ ಗುಟ್ಟು. ಆದರೂ ಅವನು ಹೇಳಿದ.

"ಒಳ್ಳೆ ಎಲೆ ಬಂದ್ರೆ ಗೂನಿ ಹಾಗೆ ಬಗ್ಗಿ ಕೂರ್ತೀಯ. ಸುಳ್ಳಾಡುವಾಗ ಮಾತ್ರ ಬೆನ್ನು ನೆಟ್ಟಗೆ, ಮಹಾರಾಣಿ. ಇನ್ಮೇಲೆ ಜೋಪಾನ, ನನಗೂ ತಿಳಿಯಬಾರದು."

"ಇಷ್ಟೇನಾ?"

"ಇಷ್ಟೇ." ಅವನು ಉಸಿರೆಳೆದುಕೊಂಡ. "ಮರಿಸೆಲ್... ನನ್ನ ಮದುವೆ ಆಗ್ತೀಯಾ?"

ಅವಳು ಕಾಫಿ ಲೋಟ ಪಕ್ಕಕ್ಕಿಟ್ಟಳು. ಗಲ್ಲ ಮೇಲೆತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ಇಲ್ಲ," ಅಂದಳು.

ಹಾರ್ಲನ್ ನಗುತ್ತಾ ಅವಳ ಕೈ ಹಿಡಿದುಕೊಂಡ.