ನೋಡೋಣ ಅಂದರೆ ಏನು?

ಆ ಬುಧವಾರ ಬೆಳಗ್ಗೆ ಗುಬ್ಬಿಯ ತೋಟಗಳ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ತೆಂಗಿನ ಮರಗಳ ಬುಡ ಕಾಣುತ್ತಿತ್ತು, ಗರಿ ಕಾಣುತ್ತಿರಲಿಲ್ಲ. ರೈಲಿನ ಕಿಟಕಿಯಿಂದ ಅದನ್ನೇ ನೋಡುತ್ತ ತುಮಕೂರಿಗೆ ಬಂದ ಪಲ್ಲವಿ, ಫ್ಯಾಕ್ಟರಿಯ ಆಫೀಸಿನಲ್ಲಿ ಕಂಪ್ಯೂಟರ್ ತೆರೆದರೆ ಹಾಲೆಂಡಿನ ಮೇಲ್ ಬಂದು ಕೂತಿತ್ತು.

ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತುವ ಮೆಷಿನ್ನು ಮಾಡುವ ಫ್ಯಾಕ್ಟರಿ ಅದು. ಹಾಲೆಂಡಿನವರು ನಾಲ್ಕು ಮೆಷಿನ್ ಕೊಂಡಿದ್ದರು, ಜೊತೆಗೆ ಅವುಗಳ ಸರ್ವೀಸನ್ನೂ. ಪತ್ರವ್ಯವಹಾರ ಪಲ್ಲವಿಯದು, ರಿಪೇರಿ ಹುಲಿಯೂರುದುರ್ಗದ ಅಂಜನ್‌ಕುಮಾರನದು.

“ಅಂಜನ್, ಬನ್ನಿ ಇಲ್ಲಿ. ಹಾಲೆಂಡ್ ಮೇಡಂ ಬರ್ದವ್ರೆ. ‘ನೋಡೋಣ ಅಂದಿರಿ, ಹದಿನೆಂಟು ದಿನ ಆಯ್ತು, ಏನು ನೋಡಿದಿರಿ?’ ಅಂತ.”

ಅಂಜನ್ ಕಿವಿ ಕೆರೆದುಕೊಂಡ. “ಅವತ್ತು ಕಾಲ್‌ನಲ್ಲಿ, ಸರ್ವೀಸಿಗೆ ತಿಂಗ್ಳಿಗೊಂದ್ಸಲ ಒಬ್ರನ್ನ ಕಳಿಸಿ ಅಂತ ಕೇಳಿದ್ರು ಕಣ್ರೀ. ಆಗಲ್ಲ ಅಂತ ಮುಖಕ್ಕೆ ಹೊಡ್ದಂಗೆ ಹೆಂಗೆ ಹೇಳೋದು? ನೋಡೋಣ ಅಂದೆ.”

“ಅವ್ರು ನಂಬ್ಕೊಂಡು ಕಾಯ್ತಾ ಕೂತವ್ರೆ!”

“ಯಾಕೆ ಕಾಯ್ಬೇಕು? ನೋಡೋಣ ಅಂದ್ರೆ ಆಗಲ್ಲ ಅಂತ ತಾನೆ? ಮಗೂಗೂ ಗೊತ್ತು.”

ಪಲ್ಲವಿಯ ನಗು ಅಲ್ಲೇ ನಿಂತಿತು.

ದೀಪಾವಳಿ ಕಳೆದ ಸೋಮವಾರ, ಚನ್ನಬಸವೇಶ್ವರನ ಗುಡಿಯಲ್ಲಿ ಪ್ರಸಾದ ಹಿಡಿದು ನಿಂತಿದ್ದಾಗ ಇವನೇ ಕೇಳಿದ್ದ, “ಅಮ್ಮನ್ನ ನಿಮ್ಮನೆಗೆ ಕಳಿಸ್ಲಾ?” ಹೂಂ ಅನ್ನಲು ನಾಚಿಕೆ. ಅವಳ ಬಾಯಿಗೆ ಬಂದದ್ದು ಒಂದೇ ಮಾತು: “ನೋಡೋಣ.” ಅಂದಿನಿಂದ ಪ್ರತಿ ಭಾನುವಾರ ಜಗಲಿ ತೊಳೆದು, ಅವನಮ್ಮ ಬಂದಾರೆಂದು ದಾರಿ ಕಾದಿದ್ದಳು.

ಒಂದೇ ಮಾತು. ಸಮುದ್ರದಾಚೆಯವರಿಗೆ ಅದು ಭರವಸೆ, ಹುಲಿಯೂರುದುರ್ಗದವನಿಗೆ ನಿರಾಕರಣೆ. ಆಡಿದವಳ ಮನಸ್ಸನ್ನು ಆ ಸ್ವಾಮಿಯೊಬ್ಬನೇ ಬಲ್ಲ.

“ಸಾಹೇಬ್ರಿಗೆ ಹೇಳಿದೀನಿ,” ಅಂಜನ್ ಮೆಲ್ಲಗೆಂದ. “ತಿಂಗ್ಳು ತಿಂಗ್ಳು ಯಾರೋ ಹೋಗೋ ಬದ್ಲು ನಾನೇ ಎರಡು ವರ್ಷ ಅಲ್ಲೇ ಇದ್ಬುಡ್ತೀನಿ ಅಂತ. ಮಧ್ಯಾಹ್ನದ ಕಾಲ್‌ನಲ್ಲಿ ಅದೇ ಹೇಳೋದು.”

“ಹೋಗೋಕೆ ಅಷ್ಟೊಂದು ಆಸೆನಾ?”

“ಇಲ್ಲಿ ನಂಗೆ ಕಾಯೋರು ಯಾರವ್ರೆ?”

ಹುಡುಗಾಟವೇನೋ ಎಂದು ಅವಳು ಓರೆಗಣ್ಣಿನಲ್ಲಿ ನೋಡಿದಳು. ಅವನ ಮುಖದಲ್ಲಿ ಹುಡುಗಾಟವಿರಲಿಲ್ಲ. ಎದ್ದು ಸಾಹೇಬರ ಕೋಣೆಗೆ ಹೋದಳು. ಎರಡು ವರ್ಷ ಯಾರೂ ಅಲ್ಲಿರುವುದು ಬೇಡ, ಮೂರು ತಿಂಗಳಿಗೊಮ್ಮೆ ಒಬ್ಬರನ್ನು ಕಳಿಸಬಹುದೆಂದು ಒಪ್ಪಿಸಿಯೇ ಹೊರಬಂದಳು.

ಎರಡು ಗಂಟೆಗೆ ಪರದೆಯ ಮೇಲೆ ಮೇಡಂ ಕಾಣಿಸಿದರು. ಊಟ ಆಯ್ತಾ, ಚೆನ್ನಾಗಿದೀರಾ, ಏನೂ ಇಲ್ಲ; ಇಂಗ್ಲಿಷಿನಲ್ಲಿ ನೇರ ಪ್ರಶ್ನೆ. “ಪ್ರತಿ ತಿಂಗಳು ಕಳಿಸ್ತೀರಾ, ಇಲ್ವಾ?”

ಅಂಜನ್ ಬಾಯಿ ತೆರೆಯುವ ಮೊದಲೇ ಪಲ್ಲವಿ ಮನಸ್ಸಿನಲ್ಲಿ ಶಿವನನ್ನು ನೆನೆದು ಹೇಳಿಬಿಟ್ಟಳು. “ಇಲ್ಲ ಮೇಡಂ. ಅದು ಆಗಲ್ಲ. ಮೂರು ತಿಂಗಳಿಗೊಮ್ಮೆ ಖಂಡಿತ ಕಳಿಸ್ತೀವಿ.”

ಕಾಂಟ್ರಾಕ್ಟ್ ಹೋಯಿತೆಂದು ಅಂಜನ್ ಕಣ್ಣು ಮುಚ್ಚಿದ.

“ಅಬ್ಬಾ, ಇಷ್ಟು ಹೇಳೋಕೆ ಹದಿನೆಂಟು ದಿನವೇ? ಆಗಲಿ, ಮೂರು ತಿಂಗಳಿಗೊಮ್ಮೆ ಸಾಕು.” ಮೇಡಂ ನಕ್ಕರು. ಪರದೆ ಆರಿತು.

“ಇಲ್ಲ ಅಂದ್ರೂ ನಗ್ತಾರಲ್ರೀ! ಅದೆಂಥ ಜನಾನಪ್ಪಾ!”

“ಅವ್ರಿಗೆ ಕೊಡೋ ಉತ್ರ ಕೊಟ್ಟಾಯ್ತು.” ಪಲ್ಲವಿಯ ದನಿ ತಗ್ಗಿತು. “ನಿಮ್ದೊಂದು ನನ್ನ ಹತ್ರ ಬಾಕಿ ಇದೆ.”

“ನಂದಾ? ಏನು?”

ಅವಳು ತಲೆಯೆತ್ತಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

“ಹೂಂ,” ಎಂದಳು. “ಅಮ್ಮನ್ನ ಕಳಿಸಿ.”