ಕಿಟಕಿಯ ಕಡೆ ಈಜಿದ ಇಲಿಗಳು

ಹಾಲಿನ ಪುಡಿ ಕಲಸಿದ ಬಿಳಿ ನೀರಿನ ತೊಟ್ಟಿಯಲ್ಲಿ ಕೊನೆಯ ಇಲಿಯೂ ಮುಚ್ಚಿದ ಕಿಟಕಿಯ ಕಡೆಗೇ ಈಜಿತು. ಅಲ್ಲಿ ಏನೂ ಇರಲಿಲ್ಲ. ಇಲಿ ಹುಡುಕಿ ಹತ್ತಬೇಕಾದ, ನೀರಿನಡಿ ಅಡಗಿಸಿಟ್ಟ ಮೆಟ್ಟಿಲು ಇದ್ದದ್ದು ಬಾಗಿಲ ಕಡೆ.

ಪರೀಕ್ಷಕರು ತಲೆಯಾಡಿಸುತ್ತ ಹೊರನಡೆದರು.

ಗಾಬರಿಯಾದಾಗ ಮೈಯಲ್ಲಿ ಏರುವ ನೊರಾಡ್ರಿನಾಲಿನ್ ಎಂಬ ಹಾರ್ಮೋನು ಕೆಲಸ ಮಾಡದಂತೆ ತಡೆಯುವ ಔಷಧಿ ಕೊಟ್ಟರೂ, ಮೊದಲೇ ಕಲಿತ ದಾರಿಯನ್ನು ಇಲಿ ಮರೆಯದು — ಇದು ತೊಟ್ಟಿಯ ಪಕ್ಕ ನಿಂತಿದ್ದ ಹುಡುಗಿಯ ಸಂಶೋಧನೆ. ಅದನ್ನು ಸಾಬೀತುಪಡಿಸಬೇಕಿದ್ದ ಇಲಿಗಳೆಲ್ಲ ದಾರಿ ತಪ್ಪಿದ್ದರಿಂದ ಈಗ ಅವಳೇ ಸುಳ್ಳುಗಾತಿ ಎನಿಸಿಕೊಂಡಳು.

ಅವಳ ದೊಡ್ಡಪ್ಪ ನಿವೃತ್ತ ಪತ್ತೇದಾರರು. ಗೋಡೆಗೊರಗಿ ಎಲ್ಲವನ್ನೂ ನೋಡಿದ್ದ ಅವರು ಈಗ ಬಾಗಿಲು ಹಾಕಿದರು. ಒಳಗೆ ಉಳಿದವರು ಹುಡುಗಿ, ಇಲಿ ಸಾಕುವ ಮುದುಕ, ಅವಳ ಗುರುಗಳು. ತಂದೆ ತೀರಿಕೊಂಡ ಮೇಲೆ ಅವಳು ಗುರುಗಳನ್ನೇ ಅಪ್ಪಾಜಿ ಎನ್ನುತ್ತಿದ್ದಳು.

"ಔಷಧಿ ಬದಲಾಯಿಸಿದೆಯೇನಯ್ಯಾ?" ಎಂದು ದೊಡ್ಡಪ್ಪ ಮುದುಕನನ್ನು ಕೇಳಿದರು.

"ಅಯ್ಯೋ ಸ್ವಾಮಿ, ನನ್ನ ಕನ್ನಡಕಾನೇ ನನಗೆ ಸಿಗಲ್ಲ!" ಎಂದ ಮುದುಕ.

"ಇಲಿಗಳು ಮರೆತವು, ಅಷ್ಟೇ," ಎಂದರು ಗುರುಗಳು. "ಈ ಔಷಧಿ ಕಲಿತಿದ್ದನ್ನೂ ಒರೆಸಿಹಾಕುತ್ತೆ. ನನ್ನ ಪುಸ್ತಕದಲ್ಲಿ ಬರೆದಿರೋದೂ ಅದೇ."

"ಮರೆತವರು ಅಲ್ಲಿ ಇಲ್ಲಿ ತಡಕಾಡ್ತಾರೆ, ಸಾರ್. ಇವೆಲ್ಲ ನೆಟ್ಟಗೆ ಒಂದೇ ಕಡೆ ಹೋದವಲ್ಲ? ದೇವರು ಕೊಟ್ಟ ನೆನಪು ಅವಕ್ಕೆ ಸರಿಯಾಗೇ ಇತ್ತು. ಮಗಳೇ, ಇಲಿಗೆ ದಾರಿಯ ಗುರುತು ಯಾವುದು?"

"ಗೋಡೆ ಮೇಲಿನ ಪಟಗಳು, ದೊಡ್ಡಪ್ಪ. ಕರೀ ಪಟ ಇರೋ ಕಡೆ..."

ಅವಳು ತಲೆಯೆತ್ತಿದಳು. ಬೆಳಗಿನಿಂದ ನೀರನ್ನೂ ಪರೀಕ್ಷಕರ ಮುಖವನ್ನೂ ನೋಡಿದ್ದಳೇ ಹೊರತು ಗೋಡೆಯನ್ನಲ್ಲ. ಬಾಗಿಲ ಮೇಲಿರಬೇಕಾದ ಕರೀ ಪಟ ಕಿಟಕಿಯ ಮೇಲಿತ್ತು. ಕಿಟಕಿಯ ಮೇಲಿದ್ದ ಪಟ್ಟೆ ಪಟ ಬಾಗಿಲ ಮೇಲಿತ್ತು.

"ಯಾರು ಮಾಡಿದ್ದು?" ಅವಳು ಗುರುಗಳ ಕಡೆ ತಿರುಗಿದಳು. "ಅಪ್ಪಾಜಿ, ನಿಮಗೇನಾದರೂ—"

"ಅವರನ್ನೇ ಕೇಳು," ಎಂದರು ದೊಡ್ಡಪ್ಪ. "ಮೆಟ್ಟಿಲು ಬಾಗಿಲ ಕಡೆ. ಇಲಿಯನ್ನ ಎತ್ತಿಕೊಳ್ಳೋಕೆ ಅಲ್ಲೇ ತಾನೇ ನಿಲ್ಲಬೇಕು? ಆದರೆ ಮೊದಲನೇ ಇಲಿ ನೀರಿಗೆ ಬೀಳೋ ಮುಂಚೇನೇ ಇವರು ಟವೆಲ್ ಹಿಡ್ಕೊಂಡು ಕಿಟಕಿ ಕಡೆ ನಿಂತಿದ್ದರು. ಎಲ್ಲರೂ ನೋಡಿದೆವು, ಯಾರೂ ಗಮನಿಸಲಿಲ್ಲ. ಇಲಿ ಅಲ್ಲಿಗೇ ಬರುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು, ಸಾರ್?"

ಗುರುಗಳು ಕೈಯಲ್ಲಿದ್ದ ಟವೆಲನ್ನೇ ನೋಡಿದರು. ಅದರೊಳಗೆ ಕೊನೆಯ ಇಲಿ ನಡುಗುತ್ತಿತ್ತು.

"ಮೆಟ್ಟಿಲು ಸಿಗಲ್ವಲ್ಲ... ಪಾಪ, ಸುಸ್ತಾಗಿ ಮುಳುಗಿಬಿಟ್ಟರೆ ಅಂತ..."

ಮುದುಕ ಪರೀಕ್ಷಕರನ್ನು ಕರೆತರಲು ಓಡಿದ.

ಹುಡುಗಿ ಇಲಿಯನ್ನು ಅವರ ಕೈಯಿಂದ ತೆಗೆದುಕೊಂಡಳು.

"ಇಲಿ ಮುಳುಗಬಾರದು ಅಂತ ಟವೆಲ್ ಹಿಡ್ಕೊಂಡು ನಿಂತಿದ್ರಿ," ಎಂದಳು. ಆಮೇಲೆ, ಅಪ್ಪಾಜಿ ಎನ್ನದೆ, ಕೇಳಿದಳು: "ನಾನು ಮುಳುಗಿದರೆ ಪರವಾಗಿರಲಿಲ್ವಾ, ಸಾರ್?"